ಮೈಸೂರಿನ ಕಬ್ಬಿಣದ ಬಾಣಗಳು

ಬಾಣಬಿರುಸು ಗಾಳಿಯನ್ನು ಒದ್ದು ಮೇಲೇರುವುದೆಂದು ನಮ್ಮ ಮಕ್ಕಳು ಭಾವಿಸುವುದುಂಟು. ನಿಜವು ಬೇರೆ. ಮದ್ದು ಉರಿದಾಗ ಹುಟ್ಟುವ ಅನಿಲವು ಹಿಂದಿನ ರಂಧ್ರದಿಂದ ರಭಸವಾಗಿ ಹೊರನುಗ್ಗುತ್ತದೆ. ಅದರ ಪ್ರತಿಕ್ರಿಯೆಯಿಂದ ಕೊಳವೆಯು ಮುಂದೆ ಸಾಗುತ್ತದೆ. 1687ರಲ್ಲಿ ನ್ಯೂಟನ್ನನು ಸಾರಿದ ಮೂರನೆಯ ನಿಯಮವಿದು. ಆದುದರಿಂದಲೇ ಗಾಳಿಯಿಲ್ಲದೆಡೆಯಲ್ಲಿಯೂ ರಾಕೆಟ್ಟು ಚಲಿಸಬಲ್ಲದು.

ಕಾಗದದ ಕೊಳವೆಯು ಹೆಚ್ಚಿನ ಒತ್ತಡವನ್ನು ತಾಳದು. ಹೈದರಾಲಿ, ಟಿಪ್ಪುಸುಲ್ತಾನರ ಕಾಲದ ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಟ್ಟಿಸಿ ತುಂಬಿದರು. ಬಾಣವು ಬಹುದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಆಂಗ್ಲಸೇನೆಯು ಅದರ ಪೆಟ್ಟನ್ನು ಕಂಡಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂತಹ ಬಾಣಗಳು ಇಂಗ್ಲೆಂಡನ್ನು ಸೇರಿದವು. ಕಾಂಗ್ರೀವನ ರಾಕೆಟ್ಟಿಗೆ ಅವೇ ಮೇಲ್ಪಂಕ್ತಿಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕ ಕೊಳವೆಗಳು ದೊರೆತವು.

ನ್ಯೂಟನ್ನನ ನಿಯಮವನ್ನು ಬೋಧಿಸುವಾಗ, ಆ ಕಬ್ಬಿಣವನ್ನು ಬಡಿದ ನಮ್ಮ ಕಮ್ಮಾರರನ್ನೂ ನಾವು ನೆನೆಯೋಣ.