ಭಸ್ಮಕ ವ್ಯಾಧಿಯೂ ಸ್ವಸಹಾಯದ ಬೋಧೆಯೂ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿ, ಬೀದಿಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುವ ಕುಟುಂಬಗಳಲ್ಲಿಯೂ ಹಿರಿಯರು ಈ ಮಾತನ್ನು ಎಲೆಯ ಮುಂದೆಯೇ ಕಲಿಸುವುದುಂಟು. ಗಾದೆಯ ಪೂರ್ವಾರ್ಧದಲ್ಲಿ ಒಂದು ಭರವಸೆಯಿದೆ: ತಿಳಿವಳಿಕೆಯಿದ್ದರೆ ಸಾಕು, ರೋಗವು ದೂರ. ಆದರೆ ತಿಳಿವಳಿಕೆಯಿದ್ದೂ ಕೈ ತಡೆಯಲಾರದವನ ಗತಿಯೇನು? ಹೊಟ್ಟೆ ತುಂಬಿದೆಯೆಂದು ಅವನು ಬಲ್ಲ. ಮತ್ತೆ ತಿನ್ನುವುದು ತರವಲ್ಲವೆಂದು ಬಲ್ಲ. ನಾಳೆ ಪಶ್ಚಾತ್ತಾಪ ಪಡುವೆನೆಂಬುದನ್ನೂ ಬಲ್ಲ. ಆದರೂ ಮನೆಯವರು ಮಲಗಿದ ಮೇಲೆ ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಬರಿದು ಮಾಡುತ್ತಾನೆ. ಅಂತಹವನಿಗೆ ಬೋಧೆಯಿಂದ ಪ್ರಯೋಜನವುಂಟೆ? ಪುಸ್ತಕವೊಂದನ್ನು ಓದಿ, ತನ್ನ ಪ್ರಯತ್ನದಿಂದಲೇ ಅವನು ಈ ಸಂಕಟವನ್ನು ದಾಟಬಲ್ಲನೆ? ಈ ಪ್ರಶ್ನೆಗೆ ಚರಿತ್ರೆಯು ಕೊಡುವ ಉತ್ತರವನ್ನು ಅರಸುವುದೇ ಈ ಲೇಖನದ ಉದ್ದೇಶ.

ಮೊದಲು ವ್ಯಾಧಿಯ ಸ್ವರೂಪವನ್ನು ಅರಿಯೋಣ. ಹಬ್ಬದ ದಿನ ಎರಡು ಒಬ್ಬಟ್ಟು ಹೆಚ್ಚು ತಿನ್ನುವುದು ವ್ಯಾಧಿಯಲ್ಲ. ಭೀಮಸೇನನು ವೃಕೋದರನೆನಿಸಿಕೊಂಡರೂ ಅವನ ಊಟದಲ್ಲಿ ಸಂತೋಷವಿತ್ತು. ಅವನು ಯಾರಿಗೂ ಮರೆಮಾಡಿ ಉಣ್ಣಲಿಲ್ಲ. ನಾವು ಹೇಳುತ್ತಿರುವ ಅತಿಭಕ್ಷಣದಲ್ಲಿ ಸಂತೋಷವಿಲ್ಲ. ಅಲ್ಪ ಸಮಯದಲ್ಲಿ ಅಪಾರ ಆಹಾರವನ್ನು ನುಂಗುವುದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಲಜ್ಜೆಯಿಂದ ಏಕಾಂತವನ್ನು ಹುಡುಕುವುದು, ಬಳಿಕ ತನ್ನನ್ನು ತಾನೇ ಹಳಿದುಕೊಳ್ಳುವುದು, ಇವೇ ಇದರ ಲಕ್ಷಣಗಳು. ದೇಹವು ಸ್ಥೂಲವಾಗಿರಲೇಬೇಕೆಂಬ ನಿಯಮವಿಲ್ಲ. ಇಂದಿನ ವೈದ್ಯರು ಇದನ್ನು ಬಿಂಜ್ ಈಟಿಂಗ್ ಎಂದು ಕರೆಯುತ್ತಾರೆ. ಜನರು ಮಾತ್ರ ಹೊಟ್ಟೆಬಾಕ, ತಿಂಡಿಪೋತ, ಬಕಾಸುರ ಎಂಬ ಹೆಸರುಗಳಿಂದ ತೃಪ್ತರಾಗಿದ್ದಾರೆ. ಆ ಹೆಸರುಗಳು ರೋಗಿಯನ್ನು ಗುರುತಿಸುವುದಿಲ್ಲ; ಅವನನ್ನು ಇನ್ನಷ್ಟು ಕತ್ತಲೆಗೆ ಅಟ್ಟುತ್ತವೆ.

ನಮ್ಮ ಪೂರ್ವಿಕರು ಇದಕ್ಕೆ ಸಮೀಪವಾದ ಒಂದು ವ್ಯಾಧಿಯನ್ನು ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಲ್ಲಿ ಅತ್ಯಗ್ನಿಯ ವಿವರಣೆಯಿದೆ. ಕಫವು ಕ್ಷೀಣಿಸಿ ಪಿತ್ತವು ವಾತದೊಡನೆ ಪ್ರಕೋಪಗೊಂಡಾಗ ಜಠರಾಗ್ನಿಯು ಉಂಡುದನ್ನೆಲ್ಲ ಸುಟ್ಟು, ಕಡೆಗೆ ಧಾತುಗಳನ್ನೇ ಸುಡತೊಡಗುತ್ತದೆಯೆಂದು ಅಲ್ಲಿ ಹೇಳಿದೆ. ಉಂಡುದನ್ನೆಲ್ಲ ಭಸ್ಮ ಮಾಡುವ ಈ ವ್ಯಾಧಿಗೆ ಭಸ್ಮಕವೆಂಬ ಹೆಸರು ರೂಢಿಗೆ ಬಂದಿತು. ಇದಕ್ಕೆ ಚರಕನು ವಿಧಿಸಿದ ಚಿಕಿತ್ಸೆ ಗಮನಾರ್ಹವಾದುದು. ಉಪವಾಸ ಮಾಡಿಸೆಂದು ಅವನು ಹೇಳಲಿಲ್ಲ. ಗುರುವೂ ಸ್ನಿಗ್ಧವೂ ಶೀತವೂ ಮಧುರವೂ ಆದ ಅನ್ನಪಾನಗಳನ್ನು, ಹಿಂದಿನದು ಜೀರ್ಣವಾಗುವುದಕ್ಕೆ ಮೊದಲೇ, ಮತ್ತೆ ಮತ್ತೆ ಕೊಡಬೇಕೆಂದನು. ಆಯುರ್ವೇದದ ಭಸ್ಮಕವೂ ಇಂದಿನ ಅತಿಭಕ್ಷಣವೂ ಒಂದೇ ಎಂದು ಸಾಧಿಸಲು ನಾನು ಹೊರಟಿಲ್ಲ. ತೀರದ ಹಸಿವಿಗೆ ಮಧುಮೇಹವೂ ಕಾರಣವಾಗಬಹುದು. ಕಂಠದ ಥೈರಾಯಿಡ್ ಗ್ರಂಥಿಯ ವಿಕಾರವೂ ಕಾರಣವಾಗಬಹುದು. ಆದರೂ ತಡೆಯಲಾಗದ ತಿನ್ನುವಿಕೆಯನ್ನು ಪಾಪವೆನ್ನದೆ ವ್ಯಾಧಿಯೆಂದು ಕರೆದ ಆ ದೃಷ್ಟಿಯೇ ಒಂದು ದೊಡ್ಡ ಉಪಕಾರವಲ್ಲವೆ?

ಈ ವ್ಯಾಧಿಯ ಅತ್ಯಂತ ಪ್ರಸಿದ್ಧ ಕಥೆ ಕನ್ನಡ ನಾಡಿನ ಶಾಸನದಲ್ಲಿಯೂ ಕನ್ನಡ ಗ್ರಂಥದಲ್ಲಿಯೂ ಉಳಿದುಬಂದಿದೆ. ಅದು ಜೈನ ತಾರ್ಕಿಕರಲ್ಲಿ ಅಗ್ರಗಣ್ಯನಾದ ಸಮಂತಭದ್ರಾಚಾರ್ಯನ ಕಥೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿಯೆಂಬ ದೀರ್ಘ ಶಾಸನವಿದೆ. ಅದರ ಕಾಲ ಶಕವರ್ಷ 1050, ಎಂದರೆ ಸುಮಾರು ಕ್ರಿ. ಶ. 1128. ಸಮಂತಭದ್ರನು ಭಸ್ಮಕವನ್ನೇ ಭಸ್ಮ ಮಾಡಿದ ಸಮರ್ಥನೆಂದು ಅಲ್ಲಿ ಸ್ತುತಿಸಿದೆ. ಕಥೆಯ ವಿಸ್ತಾರವನ್ನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಚಂದ್ರನು ತನ್ನ ರಾಜಾವಳೀ ಕಥೆಯಲ್ಲಿ ಹೇಳಿದ್ದಾನೆ. ದೇವಚಂದ್ರನ ಊರು ಕನಕಗಿರಿಯೆನಿಸಿದ ಮಲೆಯೂರು. ನಮಗೆ ಅದು ದೂರದ ಸ್ಥಳವಲ್ಲ: ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗಿ, ದಿಂಬಂ ಘಟ್ಟವನ್ನೇರಿ, ಹಾಸನೂರನ್ನು ದಾಟಿ ಇಳಿದರೆ ಸಿಗುವ ಚಾಮರಾಜನಗರದ ಸೀಮೆಯಲ್ಲಿಯೇ ಇದೆ.

ಕಥೆಯ ಸಾರವಿಷ್ಟು. ಮುನಿಯಾಗಿದ್ದ ಸಮಂತಭದ್ರನಿಗೆ ಭಸ್ಮಕ ವ್ಯಾಧಿ ತಗಲಿತು. ದಿನಕ್ಕೊಂದು ಬಾರಿ, ಕೈಯಲ್ಲಿ ಹಿಡಿದಷ್ಟನ್ನು ಮಾತ್ರ ಉಣ್ಣುವ ದಿಗಂಬರ ಯತಿಗೆ ಇದಕ್ಕಿಂತ ಕ್ರೂರವಾದ ರೋಗ ಯಾವುದಿದ್ದೀತು? ಅವನು ಗುರುವಿನ ಬಳಿಗೆ ಹೋಗಿ, ಸಲ್ಲೇಖನ ವ್ರತದಿಂದ ದೇಹವನ್ನು ಬಿಡಲು ಅಪ್ಪಣೆ ಬೇಡಿದನು. ಗುರು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿನ್ನೂ ಇದೆ. ಮುನಿವೇಷವನ್ನು ಕೆಲಕಾಲ ಬದಿಗಿಟ್ಟು, ಎಲ್ಲಿ ಹೊಟ್ಟೆ ತುಂಬುವುದೋ ಅಲ್ಲಿಗೆ ಹೋಗಿ ರೋಗವನ್ನು ಕಳೆದುಕೊಂಡು ಬಾ, ಆಮೇಲೆ ಮತ್ತೆ ದೀಕ್ಷೆ ವಹಿಸು ಎಂಬುದು ಗುರುವಿನ ಆಜ್ಞೆಯ ತಾತ್ಪರ್ಯ. ಸಮಂತಭದ್ರನು ಕಂಚಿಗೆ ಹೋದನು. ಅಲ್ಲಿಯ ಅರಸನಾದ ಶಿವಕೋಟಿಯ ಶಿವಾಲಯದಲ್ಲಿ ಖಂಡುಗಗಟ್ಟಲೆ ಅಕ್ಕಿಯ ನೈವೇದ್ಯ ನಡೆಯುತ್ತಿತ್ತು. ಅದನ್ನೆಲ್ಲ ದೇವರಿಗೇ ಉಣಿಸುವೆನೆಂದು ಹೇಳಿ, ಬಾಗಿಲು ಮುಚ್ಚಿ, ತಾನೇ ಉಂಡನು. ಮೊದಲ ದಿನ ಅಗುಳೂ ಉಳಿಯಲಿಲ್ಲ. ದಿನಗಳುರುಳಿದಂತೆ ವ್ಯಾಧಿ ಶಮನವಾಯಿತು, ಅನ್ನ ಉಳಿಯತೊಡಗಿತು. ಉಳಿದ ಅನ್ನದಿಂದಲೇ ಗುಟ್ಟು ರಟ್ಟಾಯಿತು. ಅರಸನು ಲಿಂಗಕ್ಕೆ ನಮಸ್ಕರಿಸೆಂದಾಗ ಆಚಾರ್ಯನು ಸ್ವಯಂಭೂಸ್ತೋತ್ರವನ್ನು ಹೇಳಿದನೆಂದೂ, ಆಗ ಚಂದ್ರಪ್ರಭ ತೀರ್ಥಂಕರನ ಬಿಂಬ ಪ್ರಕಟವಾಯಿತೆಂದೂ ಕಥೆ ಮುಗಿಯುತ್ತದೆ.

ಇದರಲ್ಲಿ ಐತಿಹ್ಯವೆಷ್ಟು, ಚರಿತ್ರೆಯೆಷ್ಟು? ಕಥೆಯ ಬೇರೊಂದು ಪಾಠದಲ್ಲಿ ಕಂಚಿಗೆ ಬದಲಾಗಿ ವಾರಾಣಸಿಯ ಹೆಸರಿದೆ. ಪವಾಡವನ್ನು ಭಕ್ತರ ಪಾಲಿಗೆ ಬಿಡೋಣ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಐತಿಹ್ಯವೂ ಒಂದು ಸಾಕ್ಷಿ. ಘಟನೆಗಲ್ಲದಿದ್ದರೂ ಜನರ ತಿಳಿವಳಿಕೆಗೆ ಅದು ಸಾಕ್ಷಿ. ಗುರುವಿನ ನಿರಾಕರಣೆಯ ಬೆಲೆಯನ್ನು ಅರಿಯಬೇಕಾದರೆ, ಆ ಕಾಲದಲ್ಲಿ ನಿರಶನಕ್ಕಿದ್ದ ಗೌರವವನ್ನು ನೆನೆಯಬೇಕು. ತಿರುಪ್ಪೂರಿಗೆ ಸಮೀಪದಲ್ಲಿರುವ, ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು ಈಗ ಈರೋಡು ಜಿಲ್ಲೆಯಲ್ಲಿರುವ ವಿಜಯಮಂಗಲದ ಚಂದ್ರಪ್ರಭ ಬಸದಿಯನ್ನು ನಮ್ಮ ಓದುಗರಲ್ಲಿ ಕೆಲವರು ನೋಡಿರಬಹುದು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿಯ ನಿಸಿದಿಯನ್ನು ಕುರಿತ ಶಾಸನ ಅಲ್ಲಿದೆ. ಕೊಂಗುನಾಡಿನಲ್ಲಿಯೂ ಹೀಗೆ ಪೂಜ್ಯವಾಗಿದ್ದ ವ್ರತವನ್ನು ಗುರು ತನ್ನ ಶಿಷ್ಯನಿಗೆ ನಿರಾಕರಿಸಿದನು. ಸಮಂತಭದ್ರನದೆಂದು ಪ್ರಸಿದ್ಧವಾದ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ರೋಗದ ವಿಷಯದಲ್ಲಿ ಅದು ಪ್ರತೀಕಾರವಿಲ್ಲದುದಾಗಿದ್ದರೆ ಮಾತ್ರ ಸಲ್ಲೇಖನಕ್ಕೆ ಎಡೆಯಿದೆ. ಈ ರೋಗಕ್ಕೆ ಪ್ರತೀಕಾರವಿತ್ತು. ಲಜ್ಜೆಯ ಭರದಲ್ಲಿ ರೋಗಿಗೆ ಅದು ಕಾಣಲಿಲ್ಲ, ಗುರುವಿಗೆ ಕಂಡಿತು. ಹಸಿವನ್ನು ದಂಡಿಸದೆ ಉಣಿಸುವುದು, ರೋಗಿಯನ್ನು ಅವನ ಪಾಡಿಗೆ ಬಿಡದೆ ದಾರಿ ತೋರುವುದು, ಈ ಎರಡು ಅಂಶಗಳನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಸ್ವಸಹಾಯವೆಂಬ ಮಾತಿನ ಚರಿತ್ರೆಗೆ ಬರೋಣ. ಆ ಹೆಸರಿನ ಪ್ರಖ್ಯಾತ ಇಂಗ್ಲಿಷ್ ಗ್ರಂಥವನ್ನು ಸ್ಯಾಮುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವನು 1859ರಲ್ಲಿ ಪ್ರಕಟಿಸಿದನು. ಅದರ ಮೂಲವು ಸ್ವಾರಸ್ಯಕರವಾಗಿದೆ. ಲೀಡ್ಸ್ ಪಟ್ಟಣದ ಬಡ ಯುವಕರು ಕೆಲವರು ಸಂಜೆಯ ಹೊತ್ತು ಒಟ್ಟುಗೂಡಿ, ಬಲ್ಲವನು ಅರಿಯದವನಿಗೆ ಹೇಳಿಕೊಡುವ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಅವರ ಮುಂದೆ ಮಾಡಿದ ಭಾಷಣಗಳೇ ಬೆಳೆದು ಗ್ರಂಥವಾದುವು. ಸ್ವಸಹಾಯದ ಬೋಧೆ ಹುಟ್ಟಿದುದೇ ಪರಸ್ಪರ ಸಹಾಯದ ಕೊಠಡಿಯಲ್ಲಿ! 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವನು ಸ್ಥೂಲಕಾಯವನ್ನು ಇಳಿಸಿಕೊಂಡ ಅನುಭವವನ್ನು ಕಿರುಪುಸ್ತಕವಾಗಿ ಅಚ್ಚು ಮಾಡಿಸಿದನು, ಅದು ಮನೆಮಾತಾಯಿತು. ಅವನ ಬೆನ್ನಿಗೂ ಒಬ್ಬ ವೈದ್ಯನಿದ್ದನು: ಕಿವಿಯ ತೊಂದರೆಗಾಗಿ ಕಂಡ ವಿಲಿಯಂ ಹಾರ್ವೆ ಎಂಬವನೇ ಆ ಪಥ್ಯವನ್ನು ಸೂಚಿಸಿದವನು. ಅಂದಿನಿಂದ ಇಂದಿನವರೆಗೆ ಇಂತಹ ಪುಸ್ತಕಗಳಿಗೆ ಲೆಕ್ಕವಿಲ್ಲ. ಬಹುಮಟ್ಟಿಗೆ ಅವುಗಳ ಬೋಧೆಯೆಲ್ಲ ಒಂದೇ: ಬಾಯಿ ಕಟ್ಟು, ಕಡಿಮೆ ತಿನ್ನು, ಮನಸ್ಸನ್ನು ಗಟ್ಟಿ ಮಾಡು.

ಬಾಯಿ ಕಟ್ಟಿದವನಿಗೆ ಏನಾಗುತ್ತದೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರೀಕ್ಷೆಗೊಳಗಾಯಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944-45ರಲ್ಲಿ, ಯುದ್ಧದಿಂದ ಹಸಿದವರನ್ನು ಮತ್ತೆ ಚೇತರಿಸುವ ಬಗೆಯನ್ನು ತಿಳಿಯಲು, 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರವನ್ನು ಕೊಟ್ಟನು. ದೇಹದ ತೂಕ ಸುಮಾರು ಕಾಲುಭಾಗ ಇಳಿಯಿತು. ಹಗಲಿರುಳೂ ಅವರಿಗೆ ಊಟದ್ದೇ ಚಿಂತೆ. ನಿರ್ಬಂಧ ತೆಗೆದ ಮೇಲೆ ಅವರಲ್ಲಿ ಕೆಲವರು ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ತೀರಲಿಲ್ಲವೆಂದರು. ಇವರೆಲ್ಲ ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆವೆಂದು ನಿಂತ, ದೃಢಸಂಕಲ್ಪದ ತರುಣರು. ಮನೋಬಲದ ಕೊರತೆಯಿಂದಲೇ ಮನುಷ್ಯನು ಮಿತಿಮೀರಿ ತಿನ್ನುತ್ತಾನೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. 1950ರಲ್ಲಿ ಈ ಪ್ರಯೋಗದ ವರದಿ ಎರಡು ಸಂಪುಟಗಳಲ್ಲಿ ಹೊರಬಂದಿತು.

ಬಳಿಕ ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ಮೆಲ್ಲಮೆಲ್ಲನೆ ಗುರುತಿಸತೊಡಗಿತು. 1959ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಂಕಾರ್ಡ್ ತನ್ನ ರೋಗಿಗಳಲ್ಲಿ ಅತಿಭಕ್ಷಣದ ಆವೇಗವನ್ನು ವರ್ಣಿಸಿದನು. ಉಂಡುದನ್ನು ಬಲವಂತದಿಂದ ಹೊರಹಾಕುವ ಬುಲಿಮಿಯಾ ಎಂಬ ರೂಪವನ್ನು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ವಿವರಿಸಿದನು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಅತಿಭಕ್ಷಣಕ್ಕೆ ಪ್ರತ್ಯೇಕ ವ್ಯಾಧಿಯ ಸ್ಥಾನವನ್ನು ಕೊಟ್ಟಿತು.

ನಮ್ಮ ಪ್ರಶ್ನೆಗೆ ನೇರವಾದ ಉತ್ತರ ಬಂದುದು ಆಕ್ಸ್‌ಫರ್ಡಿನಿಂದ. ಅಲ್ಲಿಯ ಮನೋವೈದ್ಯನಾದ ಕ್ರಿಸ್ಟೋಫರ್ ಫೇರ್‌ಬರ್ನ್ 1995ರಲ್ಲಿ ಅತಿಭಕ್ಷಣವನ್ನು ಗೆಲ್ಲುವ ವಿಧಾನವನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಪುಸ್ತಕವೊಂದನ್ನು ಬರೆದನು. ಅದರಲ್ಲಿ ಬಾಯಿ ಕಟ್ಟುವ ಬೋಧೆಯಿಲ್ಲ. ತಿಂದುದನ್ನೂ ತಿನ್ನುವಾಗಿನ ಮನಃಸ್ಥಿತಿಯನ್ನೂ ಆಗಿಂದಾಗಲೇ ಬರೆದಿಡಬೇಕು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಲಘು ಉಪಾಹಾರ, ಹೀಗೆ ಹೊತ್ತುಹೊತ್ತಿಗೆ ತಪ್ಪದೆ ಉಣ್ಣಬೇಕು. ರಾತ್ರಿ ಮಿತಿ ತಪ್ಪಿತೆಂದು ಮರುದಿನ ಉಪವಾಸ ಮಾಡಕೂಡದು. ಆವೇಗ ಬಂದಾಗ ಮಾಡಬಹುದಾದ ಬೇರೆ ಕೆಲಸಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. 1998ರಲ್ಲಿ ಜಾಕ್ವಿಲಿನ್ ಕಾರ್ಟರ್ ಎಂಬಾಕೆಯೂ ಫೇರ್‌ಬರ್ನನೂ ಈ ಪುಸ್ತಕವನ್ನೇ ಪರೀಕ್ಷಿಸಿದರು. 72 ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ಪುಸ್ತಕ ಮಾತ್ರ, ಕೆಲವರಿಗೆ ಪುಸ್ತಕದೊಡನೆ ಆಗಾಗ ಭೇಟಿಯಾಗುವ ಒಬ್ಬ ಸಹಾಯಕ. ಉಳಿದವರು 12 ವಾರ ಕಾದಿರಬೇಕಾಯಿತು. ಪುಸ್ತಕ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅತಿಭಕ್ಷಣವು ನಿಂತುಹೋಯಿತು. ಕಾದವರಲ್ಲಿ ಹೆಚ್ಚಿನ ಬದಲಾವಣೆಯಾಗಲಿಲ್ಲ. 2010ರಲ್ಲಿ ಪ್ರಕಟವಾದ, 205 ಮಂದಿಯನ್ನೊಳಗೊಂಡ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ, ಎರಡು ವರ್ಷಗಳ ಬಳಿಕ ನೋಡಿದಾಗ, ಕೇವಲ ತೂಕ ಇಳಿಸುವ ಚಿಕಿತ್ಸೆಗಿಂತ ಸಹಾಯಕನೊಡಗೂಡಿದ ಸ್ವಸಹಾಯವೇ ಮೇಲಾಗಿ ಕಂಡಿತು.

ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯು 2017ರ ಮಾರ್ಗಸೂಚಿಯಲ್ಲಿ ಅತಿಭಕ್ಷಣದಿಂದ ಬಳಲುವ ವಯಸ್ಕರಿಗೆ ಮೊದಲು ಇಂತಹ ಪುಸ್ತಕವನ್ನೂ, ಜೊತೆಗೆ 16 ವಾರಗಳ ಅವಧಿಯಲ್ಲಿ 20 ನಿಮಿಷಗಳ ನಾಲ್ಕರಿಂದ ಒಂಬತ್ತು ಭೇಟಿಗಳನ್ನೂ ಸೂಚಿಸಿದೆ. ನಾಲ್ಕು ವಾರಗಳಾದರೂ ಗುಣ ಕಾಣದಿದ್ದರೆ ಗುಂಪುಚಿಕಿತ್ಸೆಗೆ ಹೋಗಬೇಕೆಂದಿದೆ. ಈ ಚಿಕಿತ್ಸೆಯಿಂದ ದೇಹದ ತೂಕ ಬಹಳ ಇಳಿಯುವುದಿಲ್ಲವೆಂಬುದನ್ನೂ ರೋಗಿಗೆ ಮೊದಲೇ ತಿಳಿಸಬೇಕೆಂದಿದೆ. ಎಷ್ಟು ಪ್ರಾಮಾಣಿಕವಾದ ಮಾತು!

ಆದುದರಿಂದ, ಸ್ವಸಹಾಯದ ಬೋಧೆ ಫಲಿಸುವುದೇ ಎಂದರೆ, ಫಲಿಸುವುದುಂಟು. ಆದರೆ ಎಲ್ಲ ಬೋಧೆಯೂ ಅಲ್ಲ, ಎಲ್ಲರಿಗೂ ಅಲ್ಲ. ಪುಸ್ತಕ ಪಡೆದವರಲ್ಲಿಯೂ ಅರ್ಧದಷ್ಟು ಜನರಿಗೆ ಅದು ಸಾಲಲಿಲ್ಲವೆಂಬುದನ್ನು ಮರೆಯಬಾರದು. ಹಳಿಯುವ ಬೋಧೆ ವ್ಯಾಧಿಯನ್ನು ಬೆಳೆಸುತ್ತದೆ. ಹೊತ್ತಿಗೆ ಸರಿಯಾಗಿ ಉಣಿಸುವ ಬೋಧೆ ಅದನ್ನು ತಗ್ಗಿಸುತ್ತದೆ. ಪಕ್ಕದಲ್ಲಿ ಕೇಳುವವರೊಬ್ಬರಿದ್ದರೆ ಬೋಧೆಗೆ ಬಲ ಹೆಚ್ಚುತ್ತದೆ. ಸಮಂತಭದ್ರನ ಗುರುವಿನಲ್ಲಿ ಈ ವಿವೇಕ ಕಾಣುತ್ತದೆ.

ಅಧ್ಯಾಪಕ ಬಂಧುಗಳಲ್ಲಿ ನನ್ನ ಅರಿಕೆಯಿದು. ನಿಮ್ಮ ತರಗತಿಯಲ್ಲಿ ಯಾವ ಹುಡುಗನಾಗಲಿ ಹುಡುಗಿಯಾಗಲಿ ಮಧ್ಯಾಹ್ನದ ಬುತ್ತಿಯನ್ನು ಮುಟ್ಟದೆ ಮರಳಿ ಒಯ್ಯುತ್ತಿದ್ದರೆ, ಅಥವಾ ಮರೆಯಲ್ಲಿ ಕುಳಿತು ಅವಸರದಿಂದ ತಿನ್ನುತ್ತಿದ್ದರೆ, ಬಕಾಸುರನೆಂಬ ಮಾತು ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿರಿ. ಏಕಾಂತದಲ್ಲಿ ಕರೆದು, ಬೆಳಗ್ಗೆ ಏನು ಉಂಡೆ ಎಂದು ಅಕ್ಕರೆಯಿಂದ ಕೇಳಿರಿ. ತಿಂದುದನ್ನು ವಾಂತಿ ಮಾಡುವುದು, ದೇಹ ಕೃಶವಾಗುತ್ತ ಬರುವುದು, ಬದುಕು ಬೇಡವೆನ್ನುವುದು, ಇವು ಕಂಡಲ್ಲಿ ಪುಸ್ತಕವನ್ನು ನೆಚ್ಚದೆ ಕೂಡಲೇ ಹೆತ್ತವರೊಡನೆ ವೈದ್ಯರಲ್ಲಿಗೆ ಕಳುಹಿಸಿರಿ. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಲ್ಲಿ ಮಾತನಾಡಬಹುದು.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಸಮಂತಭದ್ರನಂತಹ ಮಹಾವಾದಿಯೂ ತನ್ನ ಹಸಿವಿನ ಮುಂದೆ ಸೋತು, ಸಾಯುವೆನೆಂದು ಗುರುವಿನ ಎದುರು ನಿಂತನೆಂದು ನಮ್ಮ ಹಿರಿಯರು ಬರೆದಿಟ್ಟರು. ಅವನ ಹೆಸರಿಗೆ ಅದರಿಂದ ಕುಂದು ಬರಲಿಲ್ಲ. ಶಿಲಾಶಾಸನದಲ್ಲಿ ಅದನ್ನು ಕೀರ್ತಿಯಾಗಿಯೇ ಕೆತ್ತಿದರು. ಅವನು ಗುರುವಿಗೆ ಹೇಳಿಕೊಂಡನು. ನೀವೂ ಹೇಳಿಕೊಳ್ಳಿರಿ.