ಶಿಶುಗಳ ಕುಡಿಯುವ ನೀರೂ ಫ್ಲೋರೈಡಿನ ಚರಿತ್ರೆಯೂ

ಕುಡಿಯುವ ನೀರಿನಲ್ಲಿರುವ ಫ್ಲೋರೈಡಿನ ಚರಿತ್ರೆಯನ್ನು ಹಲ್ಲಿನ ಹುಳುಕನ್ನು ತಡೆದ ವಿಜಯದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಆ ಚರಿತ್ರೆಯ ಮೊದಲ ಪ್ರಕರಣವು ಮಕ್ಕಳಿಗೊದಗಿದ ಹಾನಿಯದು. ಕಾರಣವಾದ ದ್ರವ್ಯವು ಗೊತ್ತಾಗುವುದಕ್ಕೆ ಮೊದಲೇ ಹಾನಿ ತಗಲುವ ವಯಸ್ಸು ಗೊತ್ತಾಗಿದ್ದಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ೧೯೦೧ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿಬೆಳೆದವರ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳನ್ನು ಕಂಡನು. ೧೯೦೯ರಲ್ಲಿ ಪ್ರಸಿದ್ಧ ದಂತಶಾಸ್ತ್ರಜ್ಞನಾದ ಜಿ. ವಿ. ಬ್ಲ್ಯಾಕನೂ ಈ ಶೋಧನೆಯಲ್ಲಿ ಸೇರಿದನು. ಇವರಿಗೆ ಎರಡು ಸಂಗತಿಗಳು ತಿಳಿದುಬಂದುವು. ಹಲ್ಲು ಪೂರ್ಣವಾಗಿ ಬೆಳೆದ ಮೇಲೆ ಆ ಊರಿಗೆ ಬಂದು ನೆಲಸಿದವರಿಗೆ ಕಲೆ ಹತ್ತುತ್ತಿರಲಿಲ್ಲ. ಕಲೆ ಹತ್ತಿದ ಹಲ್ಲುಗಳಿಗೆ ಹುಳುಕು ಅಷ್ಟಾಗಿ ತಗಲುತ್ತಿರಲಿಲ್ಲ. ಹಲ್ಲಿನ ಹೊರಪದರವು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿಯೇ ಈ ದೋಷವು ಸೇರತಕ್ಕದ್ದೆಂದು ಮೊದಲನೆಯದರಿಂದ ಊಹಿಸಲು ಅವಕಾಶವಾಯಿತು.

೧೯೨೩ರಲ್ಲಿ ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನ ತಾಯಿತಂದೆಗಳು ಇದೇ ಕಲೆಯನ್ನು ತಮ್ಮ ಮಕ್ಕಳಲ್ಲಿ ಕಂಡು ಕಳವಳಗೊಂಡರು. ದೂರದ ಬೆಚ್ಚನೆಯ ಬುಗ್ಗೆಯೊಂದರಿಂದ ಕೊಳವೆಯ ಮೂಲಕ ನೀರನ್ನು ತಂದ ಮೇಲೆ ಈ ಪೀಡೆ ತೋರಿತ್ತು. ಪರೀಕ್ಷೆಯಲ್ಲಿ ಮೆಕೇಗೆ ಸಂದೇಹಾಸ್ಪದವಾದುದೇನೂ ಕಾಣಲಿಲ್ಲ. ಆದರೂ ಆ ನೀರನ್ನು ಬಿಟ್ಟು ಬೇರೊಂದು ಬುಗ್ಗೆಯನ್ನು ಆಶ್ರಯಿಸುವಂತೆ ಸಲಹೆಯಿತ್ತನು. ಕೆಲವು ವರ್ಷಗಳಲ್ಲಿ ಎಳೆಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದುವು. ರೋಗದ ನಿದಾನಕ್ಕೆ ಮೊದಲೇ ಚಿಕಿತ್ಸೆ ಫಲಿಸಿತು.

ನಿದಾನವು ದೊರೆತುದು ೧೯೩೧ರಲ್ಲಿ. ಅರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಹತ್ತು ಲಕ್ಷ ಪಾಲಿಗೆ ೧೩.೭ ಪಾಲು ಫ್ಲೋರೈಡು ಇರುವುದನ್ನು ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಕಂಡುಹಿಡಿದನು. ತರುವಾಯ ಟ್ರೆಂಡ್ಲಿ ಡೀನ್ ಊರೂರುಗಳ ಮಕ್ಕಳನ್ನು ಪರೀಕ್ಷಿಸಿ, ಸುಮಾರು ಒಂದು ಪಾಲಿನ ಮಿತಿಯಲ್ಲಿ ವಿಕಾರವಾದ ಕಲೆಯಿಲ್ಲದೆ ಹುಳುಕು ತಗ್ಗುವುದೆಂದು ತೋರಿಸಿದನು. ಈ ಆಧಾರದ ಮೇಲೆ ೧೯೪೫ರ ಜನವರಿ ೨೫ರಂದು ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡನ್ನು ಬೆರಸಲಾಯಿತು. ೨೦೧೫ರಲ್ಲಿ ಅಮೆರಿಕವು ಈ ಪ್ರಮಾಣವನ್ನು ಲೀಟರಿಗೆ ೦.೭ ಮಿಲಿಗ್ರಾಮಿಗೆ ಇಳಿಸಿತು.

ಭಾರತದಲ್ಲಿ ಪ್ರಶ್ನೆಯು ಬೆರಸುವುದಲ್ಲ, ತೆಗೆಯುವುದು. ೧೯೩೭ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಹಚರರು ಮದರಾಸು ಪ್ರಾಂತದಲ್ಲಿ ಫ್ಲೋರೈಡಿನಿಂದ ಮೂಳೆಗಳೇ ವಿಕಾರಗೊಂಡುದನ್ನು ವರ್ಣಿಸಿದರು. ಕರ್ಣಾಟಕದ ಪಾವಗಡ, ಕೋಲಾರ, ರಾಯಚೂರು, ಕೊಪ್ಪಳ ಮೊದಲಾದ ಸೀಮೆಗಳಲ್ಲಿ ಬಂಡೆಯ ನೆಲದ ಅಂತರ್ಜಲವು ಹಲವೆಡೆ ಮಿತಿಮೀರಿದ ಫ್ಲೋರೈಡನ್ನು ಹೊತ್ತಿದೆ. ಭಾರತದ ಮಾನಕವು ಲೀಟರಿಗೆ ೧ ಮಿಲಿಗ್ರಾಮು. ಬೇರೆ ಜಲವಿಲ್ಲದಲ್ಲಿ ೧.೫. ಈ ೧.೫ನ್ನು ಮೀರಿದ ಸೇವನೆಗೂ ಮಕ್ಕಳ ಬುದ್ಧಿಮಾಪನದ ಇಳಿಕೆಗೂ ಸಂಬಂಧವುಂಟೆಂದು ೨೦೨೪ರ ಅಮೆರಿಕದ ಸರ್ಕಾರಿ ವಿಮರ್ಶೆಯೊಂದು ಸಾಧಾರಣ ವಿಶ್ವಾಸದಿಂದ ನಿರ್ಣಯಿಸಿತು.

ತಾಯಿಯ ಹಾಲಿನಲ್ಲಿ ಫ್ಲೋರೈಡು ಅತ್ಯಲ್ಪ. ಪುಡಿಹಾಲನ್ನು ಕಲಸುವ ನೀರಿನದಾದರೋ ಪೂರ್ತಿಯಾಗಿ ಶಿಶುವಿನ ಪುಟ್ಟ ದೇಹವನ್ನು ಸೇರುತ್ತದೆ. ಕಾಯಿಸುವುದರಿಂದ ಅದು ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕಣ್ಣಿಗೂ ನಾಲಗೆಗೂ ತಿಳಿಯದ ಈ ದೋಷವನ್ನು ಅಳೆದೇ ಅರಿಯಬೇಕು. ಹಲ್ಲಿನಲ್ಲಿ ಕಲೆ ಕಾಣುವ ವೇಳೆಗೆ ಅದು ರೂಪುಗೊಂಡ ವಯಸ್ಸು ಕಳೆದುಹೋಗಿರುವುದರಿಂದ, ಶಿಶುವು ಕುಡಿಯುವ ನೀರಿನ ಪರೀಕ್ಷೆಯು ಮೊದಲೇ ನಡೆಯತಕ್ಕದ್ದೆಂಬುದು ಈ ಚರಿತ್ರೆಯಿಂದ ಸಿದ್ಧಿಸುವ ನಿರ್ಣಯ.