ಕೂಸು ಹುಟ್ಟುವ ಮುಂಚೆ ಕುಲಾವಿ

ವೆಸ್ಟ್‌ಮಂಟಿನಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ, ಊಟದೆಲೆ ಎತ್ತುವ ಹೊತ್ತಿಗೆ ಮಾತು ಬುಲ್ಸ್ ತಂಡದ ಕಡೆಗೆ ತಿರುಗುತ್ತದೆ. ಡೆಟ್ರಾಯಿಟಿನಿಂದ ನೆಂಟರು ಬಂದಿದ್ದರಂತೂ ಕೇಳಲೇಬೇಡಿ! ಎಳೆಯ ಹುಡುಗನನ್ನು ನಂಬುವುದೋ, ಆಡಿ ತೋರಿಸಿದವನನ್ನು ಉಳಿಸಿಕೊಳ್ಳುವುದೋ ಎಂಬ ಜಗಳಕ್ಕೆ ಈ ಎರಡು ಊರುಗಳಷ್ಟು ಸಾಕ್ಷ್ಯ ಒದಗಿಸಿದ ಊರುಗಳು ಕಡಿಮೆ.

1998ರಲ್ಲಿ ಆರನೆಯ ಸಲ ಗೆದ್ದ ಮೇಲೆ ಜಾರ್ಡನ್, ಪಿಪ್ಪನ್, ತರಬೇತುದಾರ ಫಿಲ್ ಜಾಕ್ಸನ್ ಎಲ್ಲರೂ ಹೊರಟುಹೋದರು. ಬರಿದಾದ ಮನೆಗೆ 1999ರಲ್ಲಿ ಮೊದಲ ಆಯ್ಕೆಯಾಗಿ ಬಂದವನು ಡ್ಯೂಕ್ ವಿಶ್ವವಿದ್ಯಾಲಯದ ಎಲ್ಟನ್ ಬ್ರ್ಯಾಂಡ್. ಪಂದ್ಯಕ್ಕೆ ಸರಾಸರಿ 20 ಅಂಕ, 10 ರೀಬೌಂಡ್. ಆ ವರ್ಷದ ಅತ್ಯುತ್ತಮ ಹೊಸ ಆಟಗಾರನ ಪ್ರಶಸ್ತಿಯನ್ನು ಹ್ಯೂಸ್ಟನ್ನಿನ ಸ್ಟೀವ್ ಫ್ರಾನ್ಸಿಸ್ ಜೊತೆ ಹಂಚಿಕೊಂಡ. ತಂಡ ಮಾತ್ರ ಸೋಲುತ್ತಲೇ ಹೋಯಿತು. 2000-01ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು 15.

2001ರ ಜೂನ್ 27ರಂದು ವ್ಯವಸ್ಥಾಪಕ ಜೆರ್ರಿ ಕ್ರೌಸ್ ಬ್ರ್ಯಾಂಡನನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಕೊಟ್ಟು ಟೈಸನ್ ಚಾಂಡ್ಲರನನ್ನು ತಂದರು. ಏಳಡಿ ದಾಟಿದ ಎತ್ತರ, ವಯಸ್ಸು 18, ಹೈಸ್ಕೂಲು ಆಗತಾನೇ ಮುಗಿದಿತ್ತು. ಅದೇ ಸಂಜೆ ಇಲ್ಲೇ ಸೌತ್ ಹಾಲೆಂಡಿನ ಥಾರ್ನ್‌ವುಡ್ ಹೈಸ್ಕೂಲಿನ ಎಡ್ಡಿ ಕರ್ರಿಯನ್ನೂ ಆರಿಸಿದರು. ಅವನಿಗೂ 18. ಕ್ರೌಸ್ ಲೆಕ್ಕಾಚಾರ ಪೂರ್ತಿ ಹುಚ್ಚೇನಲ್ಲ. ಷಿಕಾಗೋದ ಫ್ಯಾರಗಟ್ ಶಾಲೆಯಿಂದ 1995ರಲ್ಲಿ ನೇರವಾಗಿ ಹೋದ ಕೆವಿನ್ ಗಾರ್ನೆಟ್ ಅಷ್ಟರಲ್ಲಿ ದೊಡ್ಡ ತಾರೆಯಾಗಿದ್ದ. ಆದರೆ ಒಂದು ಮಾತು ಮರೆಯಬಾರದು: "ಹಳಬ" ಎಂದು ಕಳುಹಿಸಿಬಿಟ್ಟ ಬ್ರ್ಯಾಂಡನಿಗೆ ಆಗ ಬರೀ 22 ವರ್ಷ!

ಮರುವರ್ಷ ಬುಲ್ಸ್ ಗೆದ್ದದ್ದು 21. ಬ್ರ್ಯಾಂಡ್ 2002ರಲ್ಲೇ ಆಲ್-ಸ್ಟಾರ್ ಆದ. 2003ರ ಏಪ್ರಿಲಿನಲ್ಲಿ ಕ್ರೌಸ್ ಹೊರಟರು. 2004-05ರಲ್ಲಿ ಹುಡುಗರು ಚಿಗುರಿದರು, 47 ಗೆಲುವು ಬಂದವು ಎನ್ನುವಷ್ಟರಲ್ಲಿ ಕರ್ರಿಯ ಎದೆಬಡಿತದಲ್ಲಿ ಏರುಪೇರು ಕಂಡಿತು. ತಂಡ ಡಿ.ಎನ್.ಎ. ಪರೀಕ್ಷೆ ಕೇಳಿತು, ಅವನು ಒಪ್ಪಲಿಲ್ಲ, ನ್ಯೂಯಾರ್ಕಿಗೆ ಹೋದ. ಮರುವರ್ಷ ಚಾಂಡ್ಲರನೂ ಹೋದ. 2011ರಲ್ಲಿ ಡಲ್ಲಾಸ್ ತಂಡದೊಂದಿಗೆ ಚಾಂಪಿಯನ್, 2012ರಲ್ಲಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ. ನೀರು ಹೊಯ್ದವರು ನಾವು, ಹಣ್ಣು ತಿಂದವರು ಬೇರೆಯವರು.

ಡೆಟ್ರಾಯಿಟಿನವರು ನಗಬೇಕಾಗಿಲ್ಲ. 2003ರಲ್ಲಿ ಎರಡನೆಯ ಆಯ್ಕೆ ಕೈಯಲ್ಲಿದ್ದಾಗ ಅವರು ಆರಿಸಿದ್ದು 18ರ ಡಾರ್ಕೊ ಮಿಲಿಚಿಚ್‌ನನ್ನು. ಬಿಟ್ಟವರಲ್ಲಿ ಕಾರ್ಮೆಲೊ ಆಂಟನಿ, ಕ್ರಿಸ್ ಬಾಷ್ ಅಲ್ಲದೆ ನಮ್ಮ ಓಕ್ ಲಾನಿನ ರಿಚರ್ಡ್ಸ್ ಶಾಲೆಯಲ್ಲಿ ಆಡಿದ ಡ್ವೇನ್ ವೇಡ್ ಕೂಡ ಇದ್ದ. ಆದರೂ 2004ರಲ್ಲಿ ಕಪ್ ಅವರದೇ. ಯಾಕೆ? ಆಡಬಲ್ಲವರನ್ನು ಅವರು ಮನೆಯಿಂದ ಕಳುಹಿಸಲಿಲ್ಲ. ಬಿಲ್ಲಪ್ಸ್, ಹ್ಯಾಮಿಲ್ಟನ್, ಯಾವ ತಂಡವೂ ಆರಿಸದೇ ಬಂದ ಬೆನ್ ವಾಲೆಸ್, ಇವರಿಗೆ ಫೆಬ್ರವರಿಯಲ್ಲಿ ರಶೀದ್ ವಾಲೆಸ್‌ನನ್ನು ಸೇರಿಸಿ ಲೇಕರ್ಸ್ ತಂಡವನ್ನು 4-1ರಿಂದ ಮಣಿಸಿದರು. ಡಾರ್ಕೊ ಬೆಂಚಿನ ಮೇಲಿದ್ದ. 2006ರಲ್ಲಿ ಅದೇ ವೇಡ್ ಮಯಾಮಿ ಪರವಾಗಿ ಅವರನ್ನು ಸೋಲಿಸಿ ಲೆಕ್ಕ ಚುಕ್ತಾ ಮಾಡಿದ ಎನ್ನಿ.

ನಮ್ಮ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದರು. ಅವರು ಅಲ್ಲಿಗೆ ಹೋದದ್ದು ರಣಜಿಯಲ್ಲಿ ಪಳಗಿದ ಮೇಲೆ. ನಮ್ಮ ಮಟ್ಟಿಗೆ ಜಗಳ ಇರಬೇಕಾದದ್ದು ಹುಡುಗನ ಪ್ರತಿಭೆಯ ಬಗ್ಗೆ ಅಲ್ಲ, ಅವನು ಪಳಗುವ ತನಕ ಭಾರ ಹೊರುವವರು ಯಾರು ಎಂಬುದರ ಬಗ್ಗೆ. ಕ್ರೌಸ್ ಆ ಹೆಗಲನ್ನೇ ಮಾರಿದರು.

ಕೊನೆಗೆ ಲೀಗ್ ತಾನೇ ಬಾಗಿಲು ಹಾಕಿತು. 2005ರ ಒಪ್ಪಂದದ ಪ್ರಕಾರ 19 ತುಂಬುವ ವರ್ಷಕ್ಕೆ ಮುಂಚೆ ಯಾರನ್ನೂ ಆರಿಸುವಂತಿಲ್ಲ. ಹಾಗಾಗಿ ಷಿಕಾಗೋದ ಸಿಮಿಯನ್ ಶಾಲೆಯ ಡೆರಿಕ್ ರೋಸ್ ಒಂದು ವರ್ಷ ಮೆಂಫಿಸ್ ವಿಶ್ವವಿದ್ಯಾಲಯದಲ್ಲಿ ಆಡಿ, 2008ರಲ್ಲಿ ಮೊದಲ ಆಯ್ಕೆಯಾಗಿ ಬುಲ್ಸ್‌ಗೆ ಬಂದ.